ಕಿವಿಯಲ್ಲಿ ಕಟ್ಟಿದ ಚಕ್ರ

ಒಂಟಿಕೊಪ್ಪಲು, ಮೈಸೂರು
ಸೋಮವಾರ, ೯ ಫೆಬ್ರವರಿ ೨೦೨೬

ಸುಚಿತ್ರಾ,

ನೀನೂ ಗಗನಳೂ ಚೆನ್ನಾಗಿದ್ದೀರಿ ಎಂದು ಸುಂದರೇಶ ಭಾವ ಹೇಳಿದರು. ತಂಗಿಯ ಗಂಡನ ಜೊತೆ ಮಾತಾಡಬೇಕೋ ಬೇಡವೋ ಎಂಬ ಮುಖದಲ್ಲೇ ಹೇಳಿದರು. ಇಲ್ಲಿ ನಾನೂ ಇದ್ದೇನೆ.

ಯಾದವಗಿರಿಗೆ ನಡೆದು ಬಂದರೆ ಹದಿನೈದು ನಿಮಿಷ, ಅದಕ್ಕೆ ಪತ್ರ ಯಾಕೆ ಎನ್ನುತ್ತೀಯೇನೋ. ಹೋದ ವಾರ ನೀನು ನಾಲ್ಕು ಸಲ ಫೋನ್ ಮಾಡಿದ್ದೆ, ನಾನು ಎತ್ತಲಿಲ್ಲ. ಕೊನೆಗೆ ನೀನು ಕಳಿಸಿದ ಮೆಸೇಜ್ ಓದಿದೆ. ಗಗನಳನ್ನು ಕಾಲೇಜಿನವರು ಮತ್ತೆ ಸೈಕಲ್ ತಂಡಕ್ಕೆ ಕರೆದಿದ್ದಾರೆ, ಗುರುವಾರದೊಳಗೆ ಹೆಸರು ಕೊಡಬೇಕು, ಅವಳು ಒಲ್ಲೆ ಎನ್ನುತ್ತಿದ್ದಾಳೆ. 'ಇಳಿಜಾರು ಕಂಡ್ರೆ ಕೈ ತಾನಾಗೇ ಬ್ರೇಕ್ ಹಿಡಿಯುತ್ತಂತೆ. ಅದನ್ನ ಮಗಳ ತಲೆಗೆ ತುಂಬಿದ್ದು ನೀವು. ನೀವೇ ತೆಗೀರಿ' ಎಂದು ಬರೆದಿದ್ದೆ. ಉತ್ತರ ಬರೆಯಲು ಕೂತವನು ಎದ್ದುಹೋಗಿ ಅಂಗಡಿಯಲ್ಲಿದ್ದ ಯಾರದೋ ಸೈಕಲ್ಲಿನ ಚೈನಿಗೆ ಎಣ್ಣೆ ಬಿಟ್ಟೆ.

ನಿನ್ನೆ ಭಾನುವಾರ ಮಹದೇವು ಬಂದಿದ್ದ. ನಮ್ಮಲ್ಲಿ ಕೆಲಸ ಕಲಿತವನು ಈಗ ಮೇಟಗಳ್ಳಿಯಲ್ಲಿ ಸ್ವಂತ ಅಂಗಡಿ ಇಟ್ಟಿದ್ದಾನಲ್ಲ, ಅದೇ ರಸ್ತೆಯ ಕಲ್ಯಾಣ ಮಂಟಪವೊಂದರಲ್ಲಿ ಸೈಕಲ್ ಕಂಪನಿಗಳ ಪ್ರದರ್ಶನ ಏರ್ಪಾಡಾಗಿತ್ತು. "ಅಂಗ್ಡೀಲೇ ಬೇರು ಬುಟ್ಟಿದ್ದೀಯಲ್ಲಣ್ಣ, ಏಳು, ಲೋಕ ಎಲ್ಲಿಗೋಗದೆ ನೋಡ್ಕೊಂಡು ಬರನ" ಎಂದ. ಬೇಡವೆನ್ನುವುದಕ್ಕೂ ಒಂದು ಶಕ್ತಿ ಬೇಕು. ಹೋದೆ.

ಹಿಂದಿನ ದಿನದ ಮದುವೆಯ ಚೆಂಡುಹೂವು ಇನ್ನೂ ಕಂಬಗಳಲ್ಲಿ ಒಣಗುತ್ತಿತ್ತು. ಹೆಣ್ಣುಗಂಡು ಕೂರುವ ಸಿಂಹಾಸನದ ಮುಂದೆ ಕರೀ ಸೈಕಲ್ಲೊಂದನ್ನು ನಿಲ್ಲಿಸಿದ್ದರು. ಎರಡು ಬೆರಳಲ್ಲಿ ಎತ್ತಬಹುದಾದಷ್ಟು ಹಗುರ. ತಂತಿಯೇ ಇಲ್ಲದೆ ಬದಲಾಗುವ ಗೇರು, ಟ್ಯೂಬಿಲ್ಲದ ಟೈರು, ಹಿಂದೆ ಬರುವ ವಾಹನವನ್ನು ಮುಂಚೆಯೇ ತಿಳಿಸುವ ದೀಪ. "ಟ್ಯೂಬೇ ಇಲ್ದಿದ್ರೆ ನಾನು ಪಂಕ್ಚರ್ ಹಾಕದು ಎಲ್ಲಿಗಣ್ಣ, ಗಿರಾಕಿ ತಲೆಗಾ?" ಎಂದು ಮಹದೇವು ನಗಿಸಲು ನೋಡಿದ. ನನಗೆ ಎಲ್ಲವೂ ಗಾಜಿನ ಆಚೆ ಇದ್ದಂತೆ ಕಂಡಿತು. ಬೇಕೆನಿಸಲಿಲ್ಲ, ಬೇಡವೆನಿಸಲೂ ಇಲ್ಲ.

ಮೂಲೆಯ ಮಳಿಗೆಯಲ್ಲಿ ಸಿಂಚನ ಎಂಬ ಹುಡುಗಿ ಒಂದು ಮಾಪಕ ತೋರಿಸುತ್ತಿದ್ದಳು. ಚಕ್ರದ ಕಡ್ಡಿಗೆ ಕಚ್ಚಿಸಿದರೆ ಅದು ಎಷ್ಟು ಬಿಗಿಯಾಗಿದೆ ಎಂದು ಅಂಕಿಯಲ್ಲಿ ಹೇಳುತ್ತದೆ. ಮಹದೇವುವಿಗೆ ತಡೆಯಲಾಗಲಿಲ್ಲ. "ನಮ್ಮ ಪ್ರಕಾಶಣ್ಣಂಗೆ ಇದೆಲ್ಲ ಬ್ಯಾಡ ಕಣಮ್ಮ. ಕಡ್ಡಿ ಮೀಟಿ ಕಿವೀಲೇ ಕಟ್ತಾನೆ." ಅವಳು ನಗುತ್ತ ಸಡಿಲ ಮಾಡಿದ ಮುಂದಿನ ಚಕ್ರವೊಂದನ್ನು ನನ್ನ ಕೈಗೆ ಕೊಟ್ಟಳು. "ಕಟ್ಟಿ ಸಾರ್, ನಾವೂ ನೋಡ್ತೀವಿ."

ನಾನು ಕಟ್ಟುವುದನ್ನು ನೀನು ಎಷ್ಟು ಸಲ ನೋಡಿದ್ದೀಯ. ಬಲಗಿವಿಯನ್ನು ರಿಮ್ಮಿಗೆ ತಾಗಿಸಿ ಒಂದೊಂದೇ ಕಡ್ಡಿ ಮೀಟುವುದು, ಎಲ್ಲ ಒಂದೇ ಸ್ವರ ಹೇಳುವವರೆಗೆ ತಿರುಗಿಸುವುದು. ಅರ್ಧ ಗಂಟೆ ಹಿಡಿಯಿತು. ಚಕ್ರ ಒಂದು ಕೂದಲೆಳೆಯೂ ಅಲುಗದೆ ತಿರುಗಿತು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು.

ಆಮೇಲೆ ಅವಳು ಮಾಪಕ ಹಿಡಿದಳು. ನೂರಹತ್ತು, ನೂರೆಂಟು, ನೂರಹನ್ನೆರಡು. ಆಮೇಲೆ ಅರವತ್ತೈದು. ಅದರ ಪಕ್ಕದ್ದು ಎಪ್ಪತ್ತು. ಇನ್ನೊಂದು ಕಡೆ ಮತ್ತೆರಡು ಹಾಗೆಯೇ. ನಗು ನಿಲ್ಲಿಸಿ ದನಿ ತಗ್ಗಿಸಿದಳು. "ನೇರವಾಗೇ ಓಡುತ್ತೆ ಸಾರ್. ಆದ್ರೆ ಈ ನಾಲ್ಕು ಸಡಿಲ. ಸ್ಪೀಡಲ್ಲಿ ತಿರುಗಿಸ್ದಾಗ ಭಾರ ಬಿದ್ರೆ ಚಕ್ರ ಮಡಚ್ಕೊಬಿಡುತ್ತೆ." ನಿನ್ನ ಮಾಪಕವೇ ಕೆಟ್ಟಿರಬೇಕು ಎಂದೆ. ಅವಳು ವಾದ ಮಾಡಲಿಲ್ಲ. ಸಡಿಲವಾದ ಕಡ್ಡಿಯನ್ನೂ ಬಿಗಿಯಾದದ್ದನ್ನೂ ಒಂದಾದ ಮೇಲೊಂದು ಮೀಟಿದಳು. ನನಗೆ ಎರಡೂ ಒಂದೇ ಸ್ವರವಾಗಿ ಕೇಳಿಸಿದವು. ಮಹದೇವುವನ್ನು ಕೇಳಿದೆ. "ಒಂದೇ ತರ ಅದೆ ಬುಡಣ್ಣ" ಎಂದ, ನೆಲ ನೋಡುತ್ತ. ನನ್ನ ಬಳಿ ಅವನು ಸುಳ್ಳು ಹೇಳಿದ್ದು ಅದೇ ಮೊದಲು. ಕಿವಿಯ ಸಂಗತಿ ನನಗೆ ತಿಳಿದದ್ದು ಹೀಗೆ, ನಿನ್ನೆ.

ಎರಡು ವರ್ಷದ ಹಿಂದೆ ಬೆಟ್ಟದಿಂದ ಇಳಿಯುವಾಗ, ನಂದಿಯ ಹತ್ತಿರದ ತಿರುವಿನಲ್ಲಿ, ಗಗನಳ ಮುಂದಿನ ಚಕ್ರ ಮಡಚಿಕೊಂಡಿತಲ್ಲ, ಅದನ್ನು ಕಟ್ಟಿದ್ದೂ ಇದೇ ಕಿವಿ. ಆಸ್ಪತ್ರೆಯಲ್ಲಿ ನೀನು ಕೇಳಿದ ಪ್ರಶ್ನೆ ನೆನಪಿದೆ: "ಚಕ್ರ ಸರಿಯಾಗಿತ್ತೇನ್ರೀ?" ಇಪ್ಪತ್ತೆಂಟು ವರ್ಷ ಕಟ್ಟಿದ್ದೇನೆ ಎಂದೆ. ಅದು ಉತ್ತರವಾಗಿರಲಿಲ್ಲ. ಭುಜದ ಮೂಳೆ ಮುರಿದುಕೊಂಡು ಮಲಗಿದ್ದವಳಿಗೆ, ತಿರುವಿನಲ್ಲಿ ಗಾಬರಿಯಾಗಿ ಬ್ರೇಕ್ ಒತ್ತಿದ್ದು ನಿನ್ನ ತಪ್ಪು ಎಂದೆ. ಒತ್ತಿದ ನೆನಪಿಲ್ಲ ಅಪ್ಪ ಎಂದಳು. ಒತ್ತಿರುತ್ತೀಯ ಎಂದೆ. ಮನೆಗೆ ಬಂದ ಮೇಲೂ ಊಟಕ್ಕೆ ಕೂತಾಗಲೆಲ್ಲ ಅದನ್ನೇ ಹೇಳಿದೆ. ಒಂದು ದಿನ ಅವಳೇ "ಹೌದಪ್ಪ, ಒತ್ತಿದೆ" ಎಂದುಬಿಟ್ಟಳು. ನೀನು ತಟ್ಟೆ ಬಿಟ್ಟು ಎದ್ದೆ. ಆ ವಾರವೇ ಅವಳನ್ನು ಕರೆದುಕೊಂಡು ಯಾದವಗಿರಿಗೆ ಹೊರಟುಹೋದೆ. ನನಗೆ ಸುಸ್ತಾಗಿತ್ತು, ನಿಮ್ಮನ್ನು ತಡೆಯಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜವೆಂದರೆ ಅವಳು ಒಪ್ಪಿಕೊಂಡಾಗ ನನಗೆ ಒಂದು ಬಗೆಯ ನಿರಾಳವಾಗಿತ್ತು.

ಅವಳು ಬ್ರೇಕ್ ಒತ್ತಿರಲಿಲ್ಲ. ಒತ್ತಿದ್ದರೂ ಸರಿಯಾಗಿ ಕಟ್ಟಿದ ಚಕ್ರ ತಡೆದುಕೊಳ್ಳುತ್ತಿತ್ತು. ಇದನ್ನು ಗುರುವಾರದೊಳಗೆ ಅವಳಿಗೆ ಹೇಳು. ನಾನೇ ಬಂದು ಹೇಳಬೇಕಾದದ್ದು. ಆದರೆ ನನ್ನ ಮುಖ ನೋಡಿದರೆ ಅವಳು ನನ್ನನ್ನು ಸಮಾಧಾನ ಮಾಡಲು ಶುರು ಮಾಡುತ್ತಾಳೆ, ಅದು ಬೇಡ. ಫೋನಿನಲ್ಲಿ ಈಗೀಗ ನಿಮ್ಮಿಬ್ಬರ ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಎತ್ತದೇ ಇದ್ದದ್ದು ಅದಕ್ಕೆ. ಅಂಗಡಿಯಲ್ಲಿ ಗಲಾಟೆ, ಆಮೇಲೆ ಮಾತಾಡೋಣ ಎಂದು ಹಿಂದೆಲ್ಲ ನಾನು ಹೇಳುತ್ತಿದ್ದದ್ದು ಸುಳ್ಳು.

ಅವಳು ಹೆಸರು ಕೊಟ್ಟರೆ ಚಕ್ರ ಬೇರೆಯವರ ಕೈಲಿ ಕಟ್ಟಿಸು. ಮಹದೇವು ಆ ಮಾಪಕ ತೆಗೆದುಕೊಂಡಿದ್ದಾನೆ. ಈ ಪತ್ರವನ್ನೂ ಅವನೇ ತರುತ್ತಾನೆ. ಉತ್ತರಕ್ಕೆ ಅವನನ್ನು ಕಾಯಿಸಬೇಡ.

ಇಂತಿ,
ಶಿವಪ್ರಕಾಶ

ಮರೆತದ್ದಲ್ಲ, ಬಿಟ್ಟದ್ದು: ಕಿವಿಯ ಸಂಗತಿ ನಿನ್ನೆ ತಿಳಿಯಿತು ಎಂದು ಮೇಲೆ ಬರೆದಿದ್ದೇನೆ. ಪತ್ರ ಮಡಚಿ ಮಹದೇವುವಿಗೆ ಕೊಟ್ಟಿದ್ದೆ, ಗೇಟಿನವರೆಗೆ ಹೋದವನನ್ನು ವಾಪಸ್ ಕರೆದು ಇದನ್ನು ಸೇರಿಸುತ್ತಿದ್ದೇನೆ. ಕಿವಿ ಪರೀಕ್ಷೆಯ ವರದಿ ಇದರ ಜೊತೆಗಿದೆ. ಗಗನಳ ಚಕ್ರ ಕಟ್ಟುವುದಕ್ಕೆ ಮೂರು ತಿಂಗಳು ಮುಂಚಿನದು. ಬಲಗಿವಿಗೆ ಸ್ವರಗಳು ತಪ್ಪಾಗಿ ಕೇಳಿಸುತ್ತಿವೆ ಎಂದು ಡಾಕ್ಟರು ಅಂದೇ ಹೇಳಿದ್ದರು. ಕಂಪನಿಯ ಚಕ್ರ ಸಾಕು ಎಂದು ಅವಳ ಕೋಚ್ ಹೇಳಿದಾಗ, ಬೇಡ, ನನ್ನ ಮಗಳಿಗೆ ನಾನೇ ಕಟ್ಟುತ್ತೇನೆ ಎಂದವನು ನಾನು. ಅವಳಿಗೆ ಓದಿ ಹೇಳುವಾಗ ವರದಿಯ ದಿನಾಂಕವನ್ನೂ ಓದು.