ದೇವರಂಥ ಅಳಿಯ

ಅಕ್ಕಾ,

ಅಮ್ಮನಿಗೀಗ ಕಣ್ಣು ಮಂಜು. ಇವತ್ತು ಮಧ್ಯಾಹ್ನ ಅವಳಿಗೊಂದು ಹಳೆಯ ಕಥೆ ಓದಿ ಹೇಳುತ್ತಿದ್ದೆ. ಊರೆಲ್ಲ ಹೊಗಳುವ ಗಂಡನೊಬ್ಬ ಹೆಂಡತಿಯನ್ನು ನಾಲ್ಕು ಗೋಡೆಗಳ ನಡುವೆ ಹಿಂಸಿಸಿ ಕೊಲ್ಲುವ ಕಥೆ.

ಅಮ್ಮ ನಡುವೆಯೇ ತಡೆದಳು. "ಆ ಹುಡುಗಿ ತವರಲ್ಲಿ ಹೇಳ್ಲಿಲ್ವಾ?"

"ಹೇಳ್ತಾಳಮ್ಮ. ಅಂಥ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು ಅಂತ ತಾಯಿ ವಾಪಸ್ ಕಳಿಸ್ತಾಳೆ."

ಅಮ್ಮ ನನ್ನ ಕೈಯಿಂದ ಪುಸ್ತಕ ತೆಗೆದು ಮುಚ್ಚಿಟ್ಟಳು. ಆಮೇಲೆ, "ಇದನ್ನ ಬರೆದೋರಿಗೆ ನಮ್ಮನೆ ವಿಷಯ ಹೇಗೆ ಗೊತ್ತಾಯ್ತು?" ಎಂದಳು.

ಅಷ್ಟರಲ್ಲಿ ಹೊರಗಿನಿಂದ "ಅತ್ತೇ" ಎಂದು ಭಾವನ ದನಿ ಕೇಳಿಸಿತು. ನೀನು ತೀರಿಕೊಂಡ ಮೇಲೂ ಅವನು ಅಮ್ಮನಿಗೆ ಔಷಧಿ ತಂದುಕೊಡುವುದನ್ನು ಬಿಟ್ಟಿಲ್ಲ. ಬೀದಿಯವರೆಲ್ಲ ಅದನ್ನೇ ಕೊಂಡಾಡುತ್ತಾರೆ.

ನಾನು ಎದ್ದೆ. ಅಮ್ಮ ನನ್ನ ಕೈ ಹಿಡಿದು ಕೂರಿಸಿಕೊಂಡಳು.

"ಚಿಲಕ ತೆಗೀಬೇಡ" ಎಂದಳು.

ಅವನು ಬಡಿಯುತ್ತಲೇ ಇದ್ದ.