ಗ್ರೇಸ್ ಮಾರ್ಕ್ಸ್

10 ನವೆಂಬರ್ 2024, ಭಾನುವಾರ. ಬೆಳಿಗ್ಗೆ 8.15

ಎರಡು ಟ್ಯೂಬ್ ನನ್ನದು, ಎರಡು ಟ್ಯೂಬ್ ನೀಲಾಳದು. ಆರೂವರೆಗೇ ರೂಪಶ್ರೀ ಬಂದು ರಕ್ತ ತೆಗೆದುಕೊಂಡು ಹೋದಳು. ಹಾಸನದ ಲ್ಯಾಬಿನವಳು, ಹೊಳೆನರಸೀಪುರದ ಮನೆಗಳಿಗೆಲ್ಲ ಅವಳೇ ಬರುವುದು. ನನ್ನ ಹಳೇ ಸ್ಟೂಡೆಂಟ್. ಗಣಿತದಲ್ಲಿ ಮೂವತ್ತೈದಕ್ಕೆ ಪಾಸಾದವಳು. ಈಗ ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲ.

ಕಪಲ್ ಪ್ಯಾಕೇಜ್. ಎಂಬತ್ತು ಚಿಲ್ಲರೆ ಟೆಸ್ಟು, ಮೂರು ತಿಂಗಳಿಗೊಮ್ಮೆ. ಕಾಯಿಲೆ ಬಂದ ಮೇಲೆ ಓಡಾಡುವುದಲ್ಲ, ಬರುವ ಮೊದಲೇ ಹಿಡಿಯುವುದು — ಸ್ಟಾಫ್ ರೂಮಿನಲ್ಲಿ ಪುಟ್ಟಸ್ವಾಮಿಗೆ ಅರ್ಧ ಪೀರಿಯಡ್ ಪಾಠ ಮಾಡಿದೆ. ನೀಲಾಗೆ ಮನಸ್ಸಿರಲಿಲ್ಲ. "ಚೆನ್ನಾಗಿರೋರ್ಗೆ ಯಾಕ್ರೀ ಇವೆಲ್ಲ" ಅಂದಳು. ಲಿಂಗಪೂಜೆ ಆಗದೆ ಹೇಗೂ ಏನೂ ತಿನ್ನುವವಳಲ್ಲ, ಬರಿಹೊಟ್ಟೆ ಅವಳಿಗೆ ಲೆಕ್ಕಕ್ಕಿಲ್ಲ. ಕಾಫಿಗೆ ಒದ್ದಾಡಿದ್ದು ನಾನು.

12 ನವೆಂಬರ್

ರಿಪೋರ್ಟ್ ಬಂತು. ಎಲ್ಲ ಸೇರಿಸಿ ನೂರಕ್ಕೆ ಇಷ್ಟು ಅಂತ ಆ್ಯಪ್ ಒಂದು ಸ್ಕೋರ್ ಕೊಡುತ್ತದೆ. ನನ್ನದು 74. ನೀಲಾಳದು 58. ಶುಗರ್ ಗಡಿಯಲ್ಲಿ. ಕೊಲೆಸ್ಟ್ರಾಲ್ 232. ತೂಕ 66. ಪ್ರಿಂಟ್ ತೆಗೆಸಿ, ಫೇಲಾದ ಕಡೆಯೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ. ಇಪ್ಪತ್ತೊಂಬತ್ತು ವರ್ಷದ ಅಭ್ಯಾಸ, ಕೈ ಸುಮ್ಮನಿರಲ್ಲ.

ಹಿಮೋಗ್ಲೋಬಿನ್ 10.4. ಹನ್ನೆರಡಿರಬೇಕು. ಹೆಂಗಸರಿಗೆ ಅದು ಇದ್ದದ್ದೇ. ಪಕ್ಕದಲ್ಲಿ "ಗ್ರೇಸ್" ಅಂತ ಬರೆದು ಪಾಸ್ ಮಾಡಿದೆ. ನೀಲಾ ಇಣುಕಿ ನೋಡಿ ನಕ್ಕಳು. "ಅಷ್ಟಾದ್ರೂ ಕರುಣೆ ಐತಲ್ಲ ಮೇಷ್ಟ್ರಿಗೆ."

ಇವತ್ತಿನಿಂದ ಅನ್ನ ಅರ್ಧ. ಸಿಹಿ ಬಂದ್. ಸಾಯಂಕಾಲ ಹೊಳೆ ಕಡೆಗೆ ವಾಕಿಂಗ್, ಇಬ್ಬರೂ.

5 ಜನವರಿ 2025

ನೀಲಾ ಮುದ್ದೆಯನ್ನು ಅರ್ಧಕ್ಕೇ ಬಿಟ್ಟೆದ್ದಳು. "ಊಟನೇ ಸೇರಲ್ಲ ಕಣ್ರೀ. ಎಲ್ಡು ತುತ್ತಿಗೆಲ್ಲ ಒಟ್ಟೆ ತುಂಬ್ಕತದೆ."

ಹಸಿವು ಹತೋಟಿಗೆ ಬಂದಿದೆ. ಒಳ್ಳೆಯ ಲಕ್ಷಣ. ಹಾಗಂತ ಹೇಳಿದೆ. ಏನೋ ಹೇಳುವವಳಿದ್ದಳು, ಅಷ್ಟರಲ್ಲಿ ಟ್ಯೂಷನ್ ಹುಡುಗರು ಬಂದರು.

12 ಫೆಬ್ರವರಿ. ರಾತ್ರಿ 7

ಎರಡನೇ ರಿಪೋರ್ಟ್. ನೀಲಾ 71! ಮೂರು ತಿಂಗಳಲ್ಲಿ ಹದಿಮೂರು ಮಾರ್ಕ್ಸ್ ಏರಿಸಿದ ಸ್ಟೂಡೆಂಟ್ ನನ್ನ ಸರ್ವಿಸಿನಲ್ಲೇ ಇಲ್ಲ. ಕೊಲೆಸ್ಟ್ರಾಲ್ 171. ಶುಗರ್ ನಾರ್ಮಲ್. ತೂಕ 61. ಹಿಮೋಗ್ಲೋಬಿನ್ 9.2 — ಗ್ರೇಸ್. ಬೀಟ್‌ರೂಟ್, ಖರ್ಜೂರ ತಂದೆ.

ರೂಪಶ್ರೀ ಫೋನ್ ಮಾಡಿದ್ದಳು. "ಸಾ, ಅಮ್ಮಾರ್ಗೆ ರಕ್ತ ಇಳೀತಾ ಐತೆ. ಒಂದ್ಸಲ ಯಾರಾದ್ರೂ ಡಾಕ್ಟ್ರಿಗೆ ತೋರ್ಸಿ ಸಾ." ಟೋಟಲ್ ನೋಡಮ್ಮ, ಒಂದು ಸಬ್ಜೆಕ್ಟ್ ಹಿಡಿದು ಕೂತರೆ ಹೇಗೆ ಅಂದೆ. "ಆಯ್ತು ಸಾ" ಅಂದಳು. ಮೂವತ್ತೈದಕ್ಕೆ ಪಾಸಾದವಳು ನನಗೆ ಲೆಕ್ಕ ಹೇಳಿಕೊಡುತ್ತಾಳೆ.

ಶನಿವಾರ ಹಾಸನಕ್ಕೆ ಹೋಗಿ ನೀಲಾಗೆ ಒಂದು ಸೀರೆ ತರಬೇಕು. ಬಹುಮಾನ.

30 ಮಾರ್ಚ್. ಯುಗಾದಿ

ಅರಕಲಗೂಡಿನಲ್ಲಿ, ನೀಲಾಳ ಅಕ್ಕ ಗುರುಸಿದ್ದಮ್ಮನವರ ಮನೆ. ಅವರು ಬಾಗಿಲಲ್ಲೇ ನಿಲ್ಲಿಸಿ, "ಏನ್ ಮೇಷ್ಟ್ರೇ, ನಮ್ಮುಡ್ಗೀನ ಇಂಗೆ ಒಣಗಿಸ್ಬುಟ್ಟಿದ್ದೀರಿ" ಅಂದರು. ನಾನು ಫೋನ್ ತೆಗೆದು ಸ್ಕೋರ್ ತೋರಿಸಿದೆ. ಅವರು ಫೋನ್ ನೋಡಲಿಲ್ಲ, ತಂಗಿಯ ಮುಖವನ್ನೇ ನೋಡುತ್ತಿದ್ದರು.

ನೀಲಾ ಒಂದು ಹೋಳಿಗೆಯನ್ನೂ ಮುಟ್ಟಲಿಲ್ಲ. "ಬ್ಯಾಡಕ್ಕ, ಸ್ಕೋರ್ ಕೆಡ್ತದೆ" ಅಂದಳು. ಎಲ್ಲರೂ ನಕ್ಕರು. ನನಗೆ ಹೆಮ್ಮೆ.

13 ಮೇ

79. ನನ್ನನ್ನೂ ಹಿಂದೆ ಹಾಕಿದಳು (ನನ್ನದು 76). ಕೊಲೆಸ್ಟ್ರಾಲ್ 126. ತೂಕ 54, ಮದುವೆಯಲ್ಲಿದ್ದಷ್ಟೇ. ಮೇಲೆ ದೊಡ್ಡದಾಗಿ "ಫಸ್ಟ್ ಕ್ಲಾಸ್" ಬರೆದು ಸಹಿ ಹಾಕಿದೆ.

ಹಿಮೋಗ್ಲೋಬಿನ್ 7.9. ಇಷ್ಟು ಗ್ರೇಸ್ ಯಾವ ಬೋರ್ಡೂ ಕೊಡುವುದಿಲ್ಲ... ಪೆನ್ನು ಸ್ವಲ್ಪ ಹೊತ್ತು ಹಾಗೇ ನಿಂತಿತು. ಕೊಟ್ಟೆ. ಅವಳು ಪಕ್ಕದಲ್ಲೇ ಕೂತಿದ್ದಳು, ಅಷ್ಟು ಖುಷಿಯಲ್ಲಿದ್ದಳು.

2 ಜುಲೈ. ಹಾಸನ, ಆಸ್ಪತ್ರೆ. ಮಧ್ಯಾಹ್ನ 3

ಸೋಮವಾರ ಮಗಳು ನೇತ್ರಾಳ ಮನೆಗೆ ಹೊರಟಿದ್ದೆವು. ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಿದ್ದಂತೆ ನೀಲಾ ಕುಸಿದಳು. ಅಲ್ಲಿಂದ ಸೀದಾ ಇಲ್ಲಿಗೆ. ಎರಡು ಬಾಟಲ್ ರಕ್ತ ಕೊಟ್ಟರು. ಇವತ್ತು ಎಂಡೋಸ್ಕೋಪಿ.

ಡಾಕ್ಟರ್ ಹೆಂಗಸು, ನೇತ್ರಾಳ ವಯಸ್ಸೇ ಇರಬಹುದು. "ಊಟ ಸೇರದೆ ಎಷ್ಟು ದಿನ ಆಯ್ತಮ್ಮ?" ಅಂತ ಕೇಳಿದರು. ನೀಲಾ ಉತ್ತರ ಹೇಳುವ ಮೊದಲು ನನ್ನ ಮುಖ ನೋಡಿದಳು. ಪಾಠ ಒಪ್ಪಿಸುವಾಗ ಮಕ್ಕಳು ನೋಡುವ ಹಾಗೆ.

4 ಜುಲೈ

ಜಠರದಲ್ಲಿ ಗಡ್ಡೆ. ತಿಂಗಳುಗಟ್ಟಲೆ ಒಳಗೊಳಗೇ ರಕ್ತ ಒಸರಿದೆ. ಲಿವರಿಗೂ ಹೋಗಿದೆ.

ಫೈಲ್ ತೋರಿಸಿದೆ. ಡಾಕ್ಟರ್ ಮೂರು ಹಾಳೆಯನ್ನೂ ಸಾಲಾಗಿ ಇಟ್ಟುಕೊಂಡರು. "ಸರ್, ತೂಕ, ಕೊಲೆಸ್ಟ್ರಾಲ್ ಹೀಗೆ ಇಳಿದದ್ದು ಬರೀ ಪಥ್ಯದಿಂದಲ್ಲ. ಕಾಯಿಲೆಯಿಂದ. ಇದೊಂದನ್ನ ನೋಡಿದ್ದಿದ್ರೆ ಸಾಕಿತ್ತು." ಬೆರಳು ಹಿಮೋಗ್ಲೋಬಿನ್ ಮೇಲಿತ್ತು. ಪಕ್ಕದ ಕೆಂಪು ಅಕ್ಷರ ಓದಿ, "ಗ್ರೇಸ್ ಅಂದ್ರೆ?" ಅಂತ ಕೇಳಿದರು.

ಫೆಬ್ರವರಿಯಲ್ಲಿ ಬಂದಿದ್ದರೆ ಅಂತ ನಾನೇ ಕೇಳಿದೆ. "ಬಹುಶಃ ಆಪರೇಷನ್ ಮಾಡಬಹುದಿತ್ತು" ಅಂದರು. ಈಗ ಆಗುವುದಿಲ್ಲವಂತೆ.

6 ಜುಲೈ

ಬಟ್ಟೆ ತರಲು ಹೊಳೆನರಸೀಪುರಕ್ಕೆ ಬಂದೆ. ಈ ಡೈರಿಯನ್ನು ಮೊದಲಿಂದ ಓದಿದೆ.

ಎಲ್ಲ ಇಲ್ಲೇ ಇದೆ. ನನ್ನದೇ ಅಕ್ಷರ. ಊಟ ಸೇರಲ್ಲ ಅಂದದ್ದು, ಒಳ್ಳೆಯ ಲಕ್ಷಣ ಅಂತ ನಾನು ಬರೆದದ್ದು. ರೂಪಶ್ರೀ ಹೇಳಿದ್ದು. ಗುರುಸಿದ್ದಮ್ಮ ಹೇಳಿದ್ದು. ಬರುವ ಮೊದಲೇ ಹಿಡಿಯಲು ಹೊರಟವನು, ಕೈಯಲ್ಲಿ ಸಿಕ್ಕಿದ್ದನ್ನು ಬಿಟ್ಟೆ. ಮೂರು ಸಲ ಬಿಟ್ಟೆ. ಯಂತ್ರ ತಪ್ಪು ಹೇಳಿರಲಿಲ್ಲ, ರಕ್ತ ಕಮ್ಮಿ ಅಂತ ಮೂರು ಸಲವೂ ಹೇಳಿತ್ತು. ದಾಟಿಸಿದವನು ನಾನು.

ಸೀರೆ ಬೀರುವಿನಲ್ಲಿದೆ, ಮಡಿಕೆ ಬಿಚ್ಚಿಲ್ಲ. ರವಿಕೆ ಹೊಲಿಸಿದ್ದಳು. ಅದು ಈಗ ಅವಳಿಗೆ ದೊಗಲೆ.

9 ಜುಲೈ

ತಿಂಗಳುಗಳಿಂದ ಹೊಟ್ಟೆನೋವಿತ್ತು ಅಂತ ಇವತ್ತು ಡಾಕ್ಟರಿಗೆ ಹೇಳಿದಳು. ನನಗೆ ಯಾಕೆ ಹೇಳಲಿಲ್ಲ ಅಂತ ಕೇಳಿಬಿಟ್ಟೆ. ಕೇಳಬಾರದಿತ್ತು.

"ಏಳೋಣ ಅಂತಲೇ ಇದ್ದೆ ಕಣ್ರೀ. ನೀವು ಅಷ್ಟೊಂದು ಖುಷಿಯಾಗಿದ್ರಿ. ಮದುವೆಯಾಗಿ ಮೂವತ್ತು ವರ್ಸದಲ್ಲಿ ಒಂದಿನಾನೂ ನನ್ನ ಜಾಣೆ ಅಂದಿರ್ಲಿಲ್ಲ."

ಹೊರಗೆ ಬಂದು ವೆರಾಂಡದ ಬೆಂಚಿನ ಮೇಲೆ ಕೂತೆ. ನೇತ್ರಾ ಬಂದು ಪಕ್ಕದಲ್ಲಿ ಕೂತಳು.

19 ಜುಲೈ. ಸಾಯಂಕಾಲ 5.30

ಇವತ್ತಿನ ರಕ್ತದ ರಿಪೋರ್ಟನ್ನು ನರ್ಸ್ ನನ್ನ ಕೈಗೆ ಕೊಟ್ಟರು. ಹಿಮೋಗ್ಲೋಬಿನ್ 6.8. ಮಡಚಿ ಜೇಬಿಗೆ ಹಾಕಿಕೊಂಡೆ. ನೀಲಾ ಎಚ್ಚರವಿದ್ದಳು.

"ಈ ಸಲ ಎಷ್ಟು ಬಂತ್ರೀ?"

ಫೇಲಾದವನು ನಾನು ಅನ್ನಬೇಕಿತ್ತು. ಬಾಯಿಗೆ ಬಂದದ್ದು "ಎಪ್ಪತ್ತೆಂಟು."

ಕಣ್ಣು ಮುಚ್ಚಿದಳು. ನಿದ್ದೆ ಬಂತು ಅಂದುಕೊಂಡೆ. ಆಮೇಲೆ, "ಓದ್ಸಲ ಎಪ್ಪತ್ತೊಂಬತ್ತಿತ್ತು. ಒಂದು ಕಮ್ಮಿ ಆಯ್ತಲ್ಲ" ಅಂದಳು. ಸಣ್ಣಗೆ ನಗುತ್ತಿದ್ದಳು. ಗೊತ್ತಿತ್ತು ಅವಳಿಗೆ.

"ಒಂದೇ ಒಂದು ಗ್ರೇಸ್ ಕೊಟ್ಬುಡಿ ಮೇಷ್ಟ್ರೇ."

ಜೇಬಿನಿಂದ ಹಾಳೆ ತೆಗೆದೆ. ಪೆನ್ನು ತೆಗೆದೆ. ಅವಳು ನೋಡುತ್ತಿದ್ದಳು. ಎಲ್ಲಿ ಬರೆಯಬೇಕು ಅಂತ ತಿಳಿಯಲಿಲ್ಲ.