ಇಂದೇ ಕೊನೆಯ ಆಟ!

ಮಗರಪಟ್ಟಾ, ಪುಣೆ
೧೬ ನವೆಂಬರ್ ೨೦೨೪, ಸಂಜೆ

ಮಹಾಜನಗಳೇ! ತಾಯಂದಿರೇ! ಹಿಂದಿನ ಸಾಲಿನಲ್ಲಿ ಶೇಂಗಾ ಸುಲಿಯುತ್ತಿರುವ ಮಹನೀಯರೇ! ಹೀಗೆ ಕೂಗಿ ಸುತ್ತ ನೋಡಿದೆ. ಸಭೆಯಲ್ಲಿದ್ದದ್ದು ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಫ್ರಿಜ್, ಒಣಹಾಕಿದ ನನ್ನದೇ ಅಂಗಿಗಳು. ಪಕ್ಕದ ಮನೆಯ ಕೃಷ್ಣಾಬಾಯಿ ಮಾತ್ರ ಗೋಡೆ ಬಡಿದು "ಕಿತೀ ಓರಡತೋಸ ರೇ!" ಎಂದರು. ಎಷ್ಟು ಕಿರುಚುತ್ತೀಯೋ ಎಂದು ಬೈದವರೇ ಆಮೇಲೆ ಒಂದು ಬಟ್ಟಲು ಕಡಲೆಹಿಟ್ಟಿನ ಝುಣಕ ತಂದುಕೊಟ್ಟರು.

ಪ್ರೀತಿಯ ಆರತಿ, ಮೊದಲು ನಿನ್ನ ಕ್ಷೇಮ. ಲಡಾಖಿನ ಆ ಎತ್ತರದಲ್ಲಿ ತಲೆನೋವು ನಿಂತಿತೇ? ದೂರದರ್ಶಕದ ಗುಮ್ಮಟಕ್ಕೆ ಹೋಗುವಾಗ ಕಿವಿ ಮುಚ್ಚಿಕೊಳ್ಳುತ್ತೀಯೋ, ಇಲ್ಲ, ಮೈಸೂರಿನ ಮಾಗಿಚಳಿ ಕಂಡವಳಿಗೆ ಇದ್ಯಾವ ಲೆಕ್ಕ ಎಂಬ ಅದೇ ಜಂಬವೋ? ತುಟಿ ಒಡೆದರೆ ತುಪ್ಪ ಹಚ್ಚು. ನಾನು ಆರೋಗ್ಯವಾಗಿದ್ದೇನೆ. ಮನೆಯಲ್ಲಿ ಹಾಲು, ಸಕ್ಕರೆ ಎಲ್ಲ ಇದ್ದರೂ ಚಹಾಕ್ಕೆ ಗೇಟಿನ ಹೊರಗಿನ ಅಂಗಡಿಗೇ ಹೋಗುತ್ತೇನೆ. ಸಕ್ಕರೆ ಕಮ್ಮಿ ಹಾಕಲೇ ಎಂದು ಅವನಾದರೂ ಕೇಳುತ್ತಾನೆ.

ನೀನು ಹೊರಡುವಾಗ ಹೇಳಿದ್ದು ನೆನಪಿದೆ: "ದೀಪಮಾಲೆಗೆ ಒಂದು ಸರಿಯಾದ ಕೈಪಿಡಿ ಮಾಡಿಡು ಕಣೋ, ನಾನಿಲ್ಲ ಅಂತ ಅದು ಸಾಯ್ಬಾರ್ದು." ಹವ್ಯಾಸಿ ತಂಡಗಳು ಲ್ಯಾಪ್‌ಟಾಪಿನಿಂದಲೇ ರಂಗದ ದೀಪಗಳನ್ನು ಆಡಿಸಲೆಂದು ನಾವಿಬ್ಬರೂ ಸೇರಿ ಕಟ್ಟಿದ್ದಲ್ಲವೇ ಅದು, ಕೋಡ್ ನಿನ್ನದು, ಮಾತು ನನ್ನದು. ಸರಿ, ಕಟ್ಟಿದೆ! ಸಿದ್ಧ ಥೀಮ್ ಒಂದನ್ನು ಇಳಿಸಿಕೊಂಡು ಕೈಪಿಡಿಯ ವೆಬ್‌ಸೈಟ್ ನಿಲ್ಲಿಸಿಯೇಬಿಟ್ಟೆ. ಥೀಮ್ ಎಂದರೇನು? ನಮ್ಮಪ್ಪನ ನಾಟಕ ಕಂಪನಿಯ ಪರದೆಗಳೇ! ಅರಮನೆ, ಕಾಡು, ಬೀದಿ. ಕಥೆ ಯಾವುದಾದರೂ ಇಳಿಬಿಡುವುದು ಅವನ್ನೇ. ಆದರೆ ಈ ಪರದೆ ಬರೆದ ಪುಣ್ಯಾತ್ಮ ಕನ್ನಡದ ಒತ್ತಕ್ಷರ ಕಂಡವನಲ್ಲ. ಪ್ರತಿ ಸಾಲಿನ ಕಾಲೂ ಕತ್ತರಿಸಿಹೋಗಿತ್ತು. ಸಾಲುಗಳ ನಡುವೆ ಜಾಗ ಬಿಡಿಸಿ ಕಾಲು ಮರಳಿ ಕೊಡಿಸುವ ಹೊತ್ತಿಗೆ ಭಾನುವಾರ ಮುಗಿದಿತ್ತು. ಆಮೇಲೆ ಸೆಟ್ಟಿಂಗ್ ಫೈಲಿನಲ್ಲಿ ಎಲ್ಲೋ ಒಂದು ಖಾಲಿ ಜಾಗ ಕಡಿಮೆಯಾಗಿ ಇಡೀ ಸೈಟ್ ಧೊಪ್ಪೆಂದು ಬಿತ್ತು. ನೀನಿದ್ದಿದ್ದರೆ ಹಿಂದಿನಿಂದ ಬಗ್ಗಿ ಬೆರಳಿಟ್ಟು ತೋರಿಸುತ್ತಿದ್ದೆ. ನಾನು ತಿರುಗಿ ಕೂಡ ನೋಡಿದೆ, ಹುಚ್ಚನ ಹಾಗೆ.

ಇನ್ನು ಅನಾಹುತದ ಅಂಕ. ಥೀಮಿನ ನೆತ್ತಿಯ ಮೇಲೆ ಪ್ರಕಟಣೆಗೆಂದು ಒಂದು ಬಣ್ಣದ ಪಟ್ಟಿ ಇದೆ. ಅದು ಖಾಲಿ ಇರುವುದನ್ನು ಕಂಡು ಕಂಪನಿ ಮಾಲೀಕನ ಮಗ ಸುಮ್ಮನಿರುತ್ತಾನೆಯೇ? ಕೆಂಪು ಬಳಿದು ದಪ್ಪಕ್ಷರದಲ್ಲಿ ಬರೆದೆ: 'ಇಂದೇ ಕೊನೆಯ ಆಟ! ತಪ್ಪಿಸಿಕೊಂಡೀರಿ, ಜೋಕೆ!' ಅಪ್ಪ ಹೀಗೆ ಬೋರ್ಡು ಬರೆಸಿದ ಮರುದಿನವೂ ಆಟ ಇರುತ್ತಿತ್ತು, ಮರುವಾರವೂ ಇರುತ್ತಿತ್ತು. ಇಳಕಲ್ಲಿನಲ್ಲಿ ಕೊನೆಯ ಆಟ ಇಡೀ ಬೇಸಿಗೆ ನಡೆಯಿತು! ನಮ್ಮ ಕಡೆ ಅದು ಜನರನ್ನು ಕರೆಯುವ ರೀತಿ. ಓದಿದವರು ನಗುತ್ತಲೇ ಟಿಕೆಟ್ ಕೊಳ್ಳುತ್ತಾರೆ. ಇಲ್ಲೇ ಬಿಬವೇವಾಡಿಯ ಕನ್ನಡ ನಾಟಕ ತಂಡದ ದತ್ತು ಫೋನ್ ಮಾಡಿ, "ಏನ್ರೀ ಮಾರ್ತಾಂಡಣ್ಣ, ಕೊನೀ ಆಟ ಹಚ್ಚೀರಿ? ಭಾಳ ಚಲೋ ಆತು. ಮುಂದಿನ ವರ್ಷದ ಕೊನೀ ಆಟಕ್ಕೂ ನಮಗ ಸೀಟ್ ಹಿಡೀರಿ" ಎಂದು ನಕ್ಕ.

ಆದರೆ ನೀನು ಮೇಷ್ಟರ ಮನೆಯ ಮಗಳು. ಟೆಂಟಿನವರ ಈ ಪದ್ಧತಿ ನಿನಗೆಲ್ಲಿ ಗೊತ್ತು? ಸಿಗ್ನಲ್ ಸಿಕ್ಕ ಗಳಿಗೆಯಲ್ಲಿ ಸೈಟ್ ತೆರೆದವಳಿಗೆ ಕಂಡದ್ದು ಅದೊಂದೇ ಸಾಲು. ನಿನ್ನ ಸಂದೇಶ ಬಂತು: "ನೋಡ್ದೆ. ನಂಗೊಂದ್ ಮಾತೂ ಹೇಳ್ದೆ ಮುಗಿಸ್ಬಿಟ್ಯಾ? ಸರಿ. ಇನ್ನೆರಡು ವರ್ಷ ಇಲ್ಲೇ ಇರ್ತೀನಿ ಅಂತ ತಿಂಗಳ ಕೊನೆಗೆ ಬರ್ಕೊಡ್ತೀನಿ." ಅಲ್ಲಿಂದೀಚೆಗೆ ನಿನ್ನ ಫೋನ್ ಸಿಗುತ್ತಿಲ್ಲ. ಎರಡು ವರ್ಷ ಮುಂದುವರಿಯಲೇ ಎಂದು ನೀನು ಕೇಳಿದ್ದಕ್ಕೆ ನಾನು ಉತ್ತರಿಸಿರಲಿಲ್ಲ. ಆ ಕೆಂಪು ಪಟ್ಟಿಯೇ ಉತ್ತರ ಎಂದುಕೊಂಡೆಯಲ್ಲವೇ?

ಮುಗಿಸಿಲ್ಲ, ಆರತಿ. ದೀಪಮಾಲೆಯನ್ನೂ ಮುಗಿಸಿಲ್ಲ, ಬೇರೆ ಯಾವುದನ್ನೂ ಮುಗಿಸಿಲ್ಲ. ಪಟ್ಟಿಯನ್ನು ಆಗಲೇ ಕಿತ್ತುಹಾಕಿದೆ. ಮೈಕಿಲ್ಲದೆ ಕಟ್ಟಕಡೆಯ ಸಾಲಿಗೂ ಮುಟ್ಟುವ ದನಿ ನನ್ನದು. ಪಕ್ಕದಲ್ಲಿ ಕೂತವಳಿಗೆ ಒಂದು ಮಾತು ಹೇಳಬೇಕಾದಾಗ ಮಾತ್ರ ಏನೋ ತಮಾಷೆ ಮಾಡಿ ಜಾರಿಕೊಳ್ಳುತ್ತೇನೆ. ಈಗ ಕೇಳಲು ಯಾರೂ ಇಲ್ಲದ ಈ ಮನೆಯಲ್ಲಿ ಆ ಮಾತನ್ನು ದಿನಾ ತಾಲೀಮು ಮಾಡುತ್ತಿದ್ದೇನೆ. ನಿನ್ನ ಸಹೋದ್ಯೋಗಿ ಅಭಿಲಾಷ ರಜೆಗೆ ಇಲ್ಲೇ ನಿಗಡಿಯ ಮನೆಗೆ ಬಂದವನು ನಾಳೆ ಅಲ್ಲಿಗೆ ಮರಳುತ್ತಾನಂತೆ. ಅಂಚೆಯನ್ನು ನಂಬದೆ ಅವನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಅಲ್ಲಿನ ನಿನ್ನ ಜೊತೆಯವರಿಗೆಲ್ಲ ನನ್ನ ನಮಸ್ಕಾರ ಹೇಳು, ಬೆಚ್ಚಗಿರು.

ನಿನ್ನವನೇ,
ಮಾರ್ತಾಂಡ

ತಾ.ಕ.: ಲಕೋಟೆ ಅಂಟಿಸುವಾಗ ಧೈರ್ಯ ಬಂತು. ನಿನಗೆ ಮನಸ್ಸಿದ್ದರೆ ಎರಡು ವರ್ಷಕ್ಕೆ ಧಾರಾಳವಾಗಿ ಬರೆದುಕೊಡು, ನನ್ನ ಮೇಲಿನ ಸಿಟ್ಟಿಗೆ ಮಾತ್ರ ಬೇಡ. ಆದರೆ ಲೇಹ್‌ನಲ್ಲಿ ನನಗೊಂದು ಬಾಡಿಗೆ ಕೋಣೆ ನೋಡಿಡು. ರಜೆ ಸಿಕ್ಕಾಗ ನೀನು ಇಳಿದು ಬರುವಂತಿರಲಿ. ನನ್ನ ಕೆಲಸ ಎಲ್ಲಿ ಕೂತು ಮಾಡಿದರೂ ನಡೆಯುತ್ತದೆಂದು ಆಫೀಸಿನ ಸೋನಾಲಿ ಮೇಡಂ ಒಪ್ಪಿದ್ದಾರೆ. ನಾಳೆ ಬೆಳಿಗ್ಗೆ ಇದನ್ನು ಅಭಿಲಾಷನಿಗೆ ಕೊಟ್ಟು, ಅಲ್ಲಿಂದ ನೇರವಾಗಿ ಮನೆ ಮಾಲೀಕರ ಬಾಗಿಲು ತಟ್ಟಿ, ಈ ಮನೆ ಬಿಡುತ್ತೇನೆಂದು ಹೇಳಿಬರುತ್ತೇನೆ.